ಶರಣಮ್ಮ ಅಕ್ಕೋರು ನನ್ನನ್ನು ಸಾಕ್ಷಿಗೆ ಕರೆದದ್ದು

ಮಂಜುಳಾ, ನೀನು ಫೋನಿನಲ್ಲಿ ಕೇಳಿದ್ದಕ್ಕೆ ನನಗೆ ಆಗಲೇ ಉತ್ತರ ಹೇಳಲು ಬರಲಿಲ್ಲ. ನಿನ್ನ ಅಜ್ಜಿಯ ಸ್ವಭಾವ ನಿನಗೆ ಗೊತ್ತು. ಮಾತು ಬೇಕಾದ ಹೊತ್ತಿಗೆ ಬಾಯಿ ಕಟ್ಟುತ್ತದೆ, ಎಲ್ಲರೂ ಎದ್ದು ಹೋದ ಮೇಲೆ ಒಂದೊಂದೇ ನೆನಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಊರ ಸಾಲೆಯಲ್ಲಿ ಏಳನೆಯ ತರಗತಿವರೆಗೆ. ತಪ್ಪು ಕಂಡರೆ ನಿನ್ನ ತಮ್ಮನೂ ನೀನೂ ಕೂಡಿ ತಿದ್ದಿಕೊಂಡು ಓದಿರಿ.

ನೀನು ಕುಷ್ಟಗಿ ಕಡೆಯ ಊರಿಗೆ ಅಂಗನವಾಡಿ ಕಾರ್ಯಕರ್ತೆಯಾಗಿ ಹೋದ ಮೊದಲ ದಿನವೇ ಅಲ್ಲಿನ ಸಹಾಯಕಿ, "ನಿಮ್ಮವ್ರಾಗ ನನಗ ಭಾಳ ಮಂದಿ ಗೆಳತ್ಯಾರು ಅದಾರ್ರಿ. ನನ್ನ ಮನಸಿನ್ಯಾಗ ಭೇದ ಇಲ್ಲ" ಅಂದಳಂತೆ. "ಅಜ್ಜಿ, ಇದನ್ನ ನಂಬಬೇಕೋ ಬ್ಯಾಡೋ?" ಎಂದು ಕೇಳಿದೆ. ಹೌದು ಎಂದು ಹೇಳಿದರೂ ಪೂರ್ತಿ ಆಗುವುದಿಲ್ಲ, ಇಲ್ಲ ಎಂದರೂ ಆಗುವುದಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ. ಹೇಳುತ್ತ ಹೋದರೆ ಆ ಕೆಲಸ ಹೇಗಿತ್ತು ಎಂಬುದೂ ನಿನಗೆ ತಿಳಿದೀತು.

ನಾನು ಬೇವೂರಿನ ಹತ್ತಿರದ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದಾಗ ನಿನ್ನ ಅವ್ವ ಇನ್ನೂ ನಡೆಯಲು ಕಲಿಯುತ್ತಿದ್ದಳು. ಪರಿಶಿಷ್ಟ ಜಾತಿಯವರಿಗೆ ಎಂದು ಬಂದ ಜಾಗ ಅದು. ಕೆಳಗಿನ ಕೇರಿಯಲ್ಲಿ ಅಷ್ಟಾದರೂ ಓದಿದ ಹೆಣ್ಣು ನಾನೊಬ್ಬಳೇ ಇದ್ದೆ. ಕಾರ್ಯಕರ್ತೆ ಶರಣಮ್ಮ. ಮೇಲಿನ ಓಣಿಯ ದೊಡ್ಡ ಒಕ್ಕಲುತನದ ಮನೆಯ ಸೊಸೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ನಾನು 'ಅಕ್ಕೋರ' ಎಂದು ರಿ ಹಚ್ಚಿ ಮಾತಾಡುತ್ತಿದ್ದೆ, ಅವರು 'ಹನುಮವ್ವ, ನೀ' ಎನ್ನುತ್ತಿದ್ದರು. ಅದು ಹಾಗೆಯೇ ನಡೆದುಬಂತು.

ಕೆಲಸ ಅಂದರೆ ಮುಂಜಾನೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು. ಎರಡೂ ಬಗಲಲ್ಲಿ ಒಂದೊಂದು ಕೂಸು, ಹಿಂದೆ ಸೆರಗು ಹಿಡಿದ ನಾಲ್ಕಾರು. ಒಂದು ಅಳಲು ಸುರು ಮಾಡಿದರೆ ಸಾಲಿಗೆ ಸಾಲೇ ಅಳುತ್ತಿತ್ತು. ಆಗ ತೂಕ ಮಾಡುವ ತಕ್ಕಡಿಯನ್ನು ಜಂತಿಗೆ ಕಟ್ಟಿ, ಜೋಳಿಗೆಯಲ್ಲಿ ಕೂಸನ್ನು ತೂಗಬಿಡುತ್ತಿದ್ದೆವು. ಕೆಲವು ಕೂಸುಗಳು ಜೋಕಾಲಿ ಎಂದು ತಿಳಿದು ಇಳಿಯಲು ಒಲ್ಲೆ ಎನ್ನುತ್ತಿದ್ದವು. ಈಗ ನೆಲದ ಮೇಲಿಡುವ ಯಂತ್ರ ಬಂದಿದೆ, ಮೊಬೈಲಿನಲ್ಲಿ ಬರೆಯುತ್ತಾರೆ. ಯಂತ್ರ ಚಲೋ ಇದೆ. ಆದರೆ ಅದರ ಮೇಲೆ ನಗುವ ಕೂಸನ್ನು ನಾನು ಕಂಡಿಲ್ಲ.

ಉಣ್ಣಲು ಒಲ್ಲದ ಮಕ್ಕಳೇ ನನ್ನ ಪಾಲಿನ ದೊಡ್ಡ ಕೆಲಸ. ಅವಕ್ಕೆ ಎಂದೂ ಬಾಯಿಗೆ ತುರುಕಬಾರದು. ನಾನು ಅಂಥ ಕೂಸನ್ನು ಬರೀ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದೆ. ಒಂದು ದಿನ ಅದರ ಕೈಗೆ ಅನ್ನ ಕೊಟ್ಟು, 'ನನಗ ಉಣಿಸು' ಎನ್ನುತ್ತಿದ್ದೆ. ಇನ್ನೊಬ್ಬರಿಗೆ ಉಣಿಸುವ ಖುಷಿಯಲ್ಲಿ ತನಗೆ ಅರಿವಿಲ್ಲದೇ ಒಂದು ಅಗುಳು ಅದರ ಬಾಯಿಗೂ ಹೋಗುತ್ತಿತ್ತು. ಇದಕ್ಕೆ ವಾರ ಹಿಡಿದರೂ ಬೇಸರ ಮಾಡಬಾರದು.

ಮೊದಮೊದಲು ನನಗೆ ಮೇಲಿನ ಅಧಿಕಾರಿಗಳೆಂದರೆ ಜೀವ ಹೋಗುತ್ತಿತ್ತು. ಒಮ್ಮೆ ಯಲಬುರ್ಗಿಯಿಂದ ಸೂಪರ್‌ವೈಜರ್ ಮೇಡಂ ಜೀಪಿನಲ್ಲಿ ಬಂದರು. ಜೀಪಿನ ಸಪ್ಪಳ ಕೇಳಿದ್ದೇ ನಾನು ಕಸಬರಿಗೆ ಸಮೇತ ಬಾಗಿಲ ಹಿಂದೆ ಸೇರಿಕೊಂಡೆ. ಅವರು ಒಳಗೆಲ್ಲ ನೋಡಿ, "ಸಹಾಯಕಿ ಕೆಲಸಕ್ಕ ಬರಂಗಿಲ್ಲೇನು? ಗೈರುಹಾಜರಿ ಹಾಕ್ತೀನಿ" ಅಂದರು. ಶರಣಮ್ಮ ಅಕ್ಕೋರು ಬಾಗಿಲು ಸರಿಸಿ ನನ್ನ ರಟ್ಟೆ ಹಿಡಿದು ಹೊರಗೆಳೆದರು. "ಇಕಿ ನೋಡ್ರಿ ಮೇಡಂ, ನಮ್ಮ ಹನುಮವ್ವ. ಇಕಿ ಇಲ್ಲಂದ್ರ ಈ ಕೇಂದ್ರನ ಇಲ್ಲ. ನಾಚಿಕಿ ಒಂದು ಭಾಳ" ಅಂದರು. ಮೇಡಂ ನಕ್ಕರು. ಅವರು ಹೋದ ಮೇಲೂ ಅಕ್ಕೋರು ನನ್ನ ರಟ್ಟೆ ಬಿಟ್ಟಿರಲಿಲ್ಲ.

ಹಾಗೆ ಗೆಳೆತನ ಬೆಳೆಯಿತು. ಅದರಲ್ಲಿ ಸುಳ್ಳು ಇರಲಿಲ್ಲ, ಇದನ್ನು ನೀನು ನಂಬಬೇಕು. ನಿನ್ನ ಅಜ್ಜ ಕೊಪ್ಪಳದ ದವಾಖಾನೆಯಲ್ಲಿ ಕಡೆಯ ದಿನಗಳನ್ನು ಕಳೆಯುವಾಗ ನನ್ನ ಅಣ್ಣತಮ್ಮಂದಿರು ಬಂದು ಮುಖ ತೋರಿಸಿ ಹೋದರು. ಅಕ್ಕೋರು ಮಾತ್ರ ಮನೆಯಲ್ಲಿ ಗಂಜಿ ಕಾಸಿಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ವಾರ್ಡಿನ ನೆಲದ ಮೇಲೆ ನನ್ನ ಹೆಗಲಿಗೆ ಹೆಗಲು ಹಚ್ಚಿ ಕೂಡುತ್ತಿದ್ದರು. ನಿನ್ನ ಅಜ್ಜ ತೀರಿಕೊಂಡ ದಿನ ನನಗೆ ಅಳು ಬರಲೇ ಇಲ್ಲ. ನನ್ನ ಬದಲು ಅಕ್ಕೋರು ಅತ್ತರು. ಅವರು ಅಳುವುದನ್ನು ನೋಡಿ ನನಗೂ ಅಳು ಬಂತು.

ಇನ್ನು ಇನ್ನೊಂದು ಮಾತು. ಅಂಗನವಾಡಿಯಲ್ಲಿ ಅಡಿಗೆ ಸಹಾಯಕಿಯ ಕೆಲಸ. ಆದರೆ ಅಷ್ಟು ವರ್ಷ ಒಲೆಯ ಮುಂದೆ ಕೂತವರು ಅಕ್ಕೋರು. "ಓಣಿ ಓಣಿ ತಿರುಗಿ ದಣದಿರ್ತಿ. ನೀ ಅಕ್ಕಿ ಹಸನ ಮಾಡಿಕೊಡು, ಕಾಯಿಪಲ್ಲೆ ಹೆಚ್ಚಿಕೊಡು, ಒಲಿ ಮುಂದ ನಾ ಕುಂದರ್ತೀನಿ" ಎನ್ನುತ್ತಿದ್ದರು. ಅದು ಪ್ರೀತಿಯೆಂದೇ ನಾನು ತಿಳಿದಿದ್ದೆ. ಈಗಲೂ ಅರ್ಧ ಹಾಗೆಯೇ ತಿಳಿಯುತ್ತೇನೆ. ನಾಗರಪಂಚಮಿಯ ಹಿಂದಿನ ದಿನದ ರೊಟ್ಟಿ ಹಬ್ಬಕ್ಕೆ ಅವರ ಮನೆಯಿಂದ ಸಜ್ಜಿ ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ ತಪ್ಪದೇ ಬರುತ್ತಿತ್ತು. ನಾನೂ ತಿರುಗಿ ಕೊಡುತ್ತಿದ್ದೆ. ಹಸಿ ಶೇಂಗಾ, ಎಳೆ ಸೌತೆಕಾಯಿ, ಹೊಲದ ಕಡಲೆಗಿಡ. ನನ್ನಿಂದ ಅವರಿಗೆ ಹೋಗುತ್ತಿದ್ದದ್ದು ಬೇಯಿಸದ್ದು ಮಾತ್ರ. ಬೇಯಿಸಿದ್ದು ಅವರಿಂದ ನನಗೆ ಬರುತ್ತಿತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಊರಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಯೂ ಇರಲಿಲ್ಲ.

ನಮ್ಮ ಮನೆಗೆ ಬಂದರೆ ಕಟ್ಟೆಯ ಮೇಲೆ ಕೂಡುತ್ತಿದ್ದರು. "ಒಳಗ ಬರ್ರಿ" ಅಂದರೆ, "ಇಲ್ಲೇ ಗಾಳಿ ಚಲೋ ಐತಿ" ಎನ್ನುತ್ತಿದ್ದರು. ಒಮ್ಮೆ ಗಂಗಾವತಿಯಲ್ಲಿ ತರಬೇತಿ ಇದ್ದಾಗ ಇಬ್ಬರೂ ಹೇಮಗುಡ್ಡದ ದುರ್ಗಮ್ಮನಿಗೆ ಹೋಗಿ ಬಂದೆವು. ಊಟಕ್ಕೆ ಖಾನಾವಳಿಗೆ ಹೋದಾಗ ಒಂದೇ ಮೇಜಿಗೆ ಕೂತೆವು. ನನ್ನ ತಾಟಿನ ಹಪ್ಪಳ ಮುರಿದುಕೊಂಡು ತಿಂದರು. ಒಳಗೆ ಬೇಯಿಸಿದವರು ಯಾರೆಂದು ಕೇಳಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಮಾಡಿದರು. ಊರು ಹತ್ತಿರ ಬಂದಾಗ ಎದ್ದು ಮುಂದಿನ ಸೀಟಿಗೆ ಹೋಗಿ ಕೂತರು. "ಇಲ್ಲಿ ಗಾಳಿ ಬರ್ತೈತಿ ನೋಡು" ಅಂದರು.

ಅವರು ನನ್ನನ್ನು ಹೊಗಳುವಾಗ, "ನೀ ಕೇರಿಯಾಕಿ ಅನ್ಸಂಗ ಇಲ್ಲ ಬಿಡು, ಹನುಮವ್ವ. ನೀ ಬ್ಯಾರೆನ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಮನೆಗೆ ಬಂದು ಒಲೆಯ ಮುಂದೆ ಕೂತ ನನ್ನ ಅವ್ವನನ್ನು ನೋಡಿದಾಗ ಮಾತ್ರ, ನಾನು ಬೇರೆಯಾದರೆ ಇವಳು ಯಾರು ಎಂದು ಅನಿಸುತ್ತಿತ್ತು.

ಅರವತ್ತು ತುಂಬಿ ನಾನು ಕೆಲಸ ಮುಗಿಸಿ ಮನೆಗೆ ಬಂದೆ. ನನ್ನ ಜಾಗಕ್ಕೆ ರೇಣುಕಾ ಆಯ್ಕೆಯಾದಳು. ನಮ್ಮ ಕೇರಿಯವಳೇ, ನನಗೆ ಸೊಸೆ ವರಸೆ. ಗಂಡ ಗೌಂಡಿ ಕೆಲಸದಲ್ಲಿ, ಗೋಡೆ ಕಟ್ಟುವಾಗ ಬಿದ್ದು ನಡು ನೋಯಿಸಿಕೊಂಡಿದ್ದ. ಈ ಕೆಲಸ ಸಿಗದಿದ್ದರೆ ಎಳೆ ಕೂಸನ್ನು ಕಟ್ಟಿಕೊಂಡು ಅವಳೊಬ್ಬಳೇ ದುಡಿಯಲು ದೂರದ ಊರಿಗೆ ಗುಳೆ ಹೋಗಬೇಕಿತ್ತು.

ಆ ಹೊತ್ತಿಗೆ ಕಾರ್ಯಕರ್ತೆಯ ಕೆಲಸ ಬದಲಾಗಿತ್ತು. ಮೊಬೈಲಿನಲ್ಲಿ ಹಾಜರಿ, ಫೋಟೋ, ಎತ್ತರ, ತೂಕ ಎಲ್ಲ ತುಂಬಬೇಕು. ಭುಜದ ನೋವಿಗೆ ಅಕ್ಕೋರ ಬಲಗೈ ಮೇಲೆ ಏಳುತ್ತಿರಲಿಲ್ಲ. ಒಲೆಯ ಮುಂದೆ ಕೂಡುವುದು ಅವರಿಂದ ಆಗದಾಯಿತು. ಅಡಿಗೆ ರೇಣುಕಾಳ ಪಾಲಿಗೆ ಬಂತು. ಅವಳು ಒಲೆ ಹಚ್ಚಿದ ಮೊದಲ ದಿನದಿಂದಲೇ ಮೇಲಿನ ಓಣಿಯ ತಾಯಂದಿರು ಊಟದ ಹೊತ್ತಿಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗಲು ಸುರು ಮಾಡಿದರು. ಅವರಲ್ಲಿ ಮುಂದಾಳು ಬಸಮ್ಮ, ಅಕ್ಕೋರ ಮನೆಯ ಎದುರಿನವಳು.

ಸೂಪರ್‌ವೈಜರ್ ಮೇಡಂ ತಾಯಂದಿರ ಸಭೆ ಕರೆದರು. ರೇಣುಕಾ ನನ್ನನ್ನೂ ಕರೆದುಕೊಂಡು ಹೋದಳು. ನಾನು ಹಿಂದೆ ಗೋಡೆಗೆ ಆತು ಕೂತೆ.

"ಜಾತಿ ಅಂತಲ್ರಿ ಮೇಡಂ," ಬಸಮ್ಮ ಸುರು ಮಾಡಿದಳು. "ಸಣ್ಣ ಕೂಸುಗಳು. ಸ್ವಚ್ಛ ನೋಡಬೇಕಲ್ರಿ."

ರೇಣುಕಾ ತಲೆ ಎತ್ತದೇ ಹೇಳಿದಳು: "ಹೋದ ವರ್ಷ ನಿಮ್ಮ ಮೆಣಸಿನಕಾಯಿ ನಾನ ಬಿಡಿಸೀನಿ ಅಕ್ಕ. ಅದನ್ನ ಕುಟ್ಟಿಸಿ ವರ್ಷಪೂರ್ತಿ ಉಂಡ್ರಿ. ಆವಾಗ ಈ ಕೈ ಸ್ವಚ್ಛ ಇತ್ತೇನು?"

"ಬಾಯಿ ನೋಡ್ರಿ ಇಕಿದು" ಎಂದು ಬಸಮ್ಮ ಪಕ್ಕದವಳ ಕಡೆ ತಿರುಗಿದಳು.

ಮೇಡಂ ಅಕ್ಕೋರ ಕಡೆ ನೋಡಿದರು. ಅಕ್ಕೋರು ಎದ್ದು ನಿಂತರು. "ನನ್ನ ಮನಸಿನ್ಯಾಗ ಏನೂ ಇಲ್ರಿ ಮೇಡಂ. ಆದ್ರ ತಾಯಂದ್ರ ಮಾತೂ ಕೇಳಬೇಕಲ್ರಿ, ಮಕ್ಕಳು ಉಪಾಸ ಬೀಳ್ತಾವ. ರೇಣುಕಾನ್ನ ಬ್ಯಾರೆ ಊರಿಗೆ ಹಾಕಿದ್ರ ಆಕಿಗೂ ಚಲೋ, ಇಲ್ಲಿಗೂ ಚಲೋ. ಇದನ್ನ ನಾ ಜಾತಿ ನೋಡಿ ಹೇಳಾಕತ್ತಿಲ್ರಿ. ಭೇದ ಮಾಡೋಕಿ ನಾನಾಗಿದ್ರ ಹನುಮವ್ವ ನನ್ನ ಗೆಳತಿ ಆಗ್ತಿದ್ಲೇನು? ಇಲ್ಲೇ ಕುಂತಾಳ, ಕೇಳ್ರಿ ಆಕಿನ್ನ. ಹೇಳ ಹನುಮವ್ವ."

ಎಲ್ಲರೂ ನನ್ನ ಕಡೆ ತಿರುಗಿದರು. ಅಡಗಿಕೊಳ್ಳಲು ಬಾಗಿಲು ದೂರ ಇತ್ತು. ರೇಣುಕಾ ಮಾತ್ರ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತ ಕೂಸಿನ ತಲೆ ಸವರುತ್ತಿದ್ದಳು. ನಾನು ಹೌದು ಎಂದರೆ ಅವಳು ಇಲ್ಲಿಯ ಕೆಲಸ ಬಿಡಬೇಕು. ನಡು ನೊಂದ ಗಂಡನನ್ನು ಬಿಟ್ಟು ಬೇರೆ ಊರಿಗೆ ದಿನಾ ಹೋಗಿ ಬರುವುದು ಅವಳಿಂದ ಆಗುವ ಮಾತಲ್ಲ. ಅಲ್ಲ ಎಂದರೆ ವಾರ್ಡಿನ ನೆಲದ ಮೇಲೆ ನನ್ನ ಜೊತೆ ಕೂತವರನ್ನು ನಾಲ್ಕು ಮಂದಿಯಲ್ಲಿ ಸುಳ್ಳಿ ಎಂದಂತೆ.

ನಾನು ಸೆರಗು ಬಾಯಿಗೆ ಹಿಡಿದು ಎದ್ದು ನಿಂತೆ. "ಅಕ್ಕೋರು ಹೇಳಿದ್ದು ಖರೆ ಐತ್ರಿ. ಈ ಊರಾಗ ಅವ್ರಕಿಂತ ಹತ್ತಿರದವ್ರು ನನಗ ಯಾರೂ ಇಲ್ರಿ. ನನ್ನ ಗಂಡನ್ನ ಅವ್ರು ಒಡಹುಟ್ಟಿದವನಂಗ ನೋಡ್ಯಾರ."

ಅಕ್ಕೋರ ಮುಖ ಅರಳಿತು. ಅದನ್ನು ನೋಡಿ ನನಗೆ ಮುಂದಿನ ಮಾತು ಹೇಳುವುದು ಇನ್ನೂ ಕಷ್ಟವಾಯಿತು.

"ಆದ್ರ ನನ್ನ ಹೆಸರು ಹೇಳಿ ರೇಣುಕಾನ್ನ ಕಳಸಬ್ಯಾಡ್ರಿ. ನಾ ಬೇಯಿಸಿದ್ದನ್ನ ಅಕ್ಕೋರು ಇವತ್ತಿನ ತನಕ ಒಂದು ತುತ್ತು ಉಂಡಿಲ್ರಿ. ನಾ ಗೆಳತಿ ಹೌದು. ಈ ಮಾತಿಗೆ ಸಾಕ್ಷಿ ಆಗಾಕ ಮಾತ್ರ ನನಗ ಬರಂಗಿಲ್ಲ."

ಅಷ್ಟೇ ಹೇಳಿದ್ದು. ಕಾಲು ನಡುಗಿ ಕೂತುಬಿಟ್ಟೆ. ಮೇಡಂ ರಿಜಿಸ್ಟರ್ ಮುಚ್ಚಿ, "ರೇಣುಕಾ ಇಲ್ಲೇ ಇರ್ತಾಳ, ಅಡಿಗಿ ಆಕಿನ ಮಾಡ್ತಾಳ" ಎಂದು ಎದ್ದರು. ಅಕ್ಕೋರು ಹೊರಗೆ ಹೋಗುವಾಗ ನನ್ನ ಪಕ್ಕ ಒಂದು ಗಳಿಗೆ ನಿಂತರು. "ಇಷ್ಟು ದಿನ ಮನಸಿನ್ಯಾಗ ಇದನ್ನ ಇಟಗೊಂಡಿದ್ದಿಯಲ್ಲ, ಹನುಮವ್ವ" ಅಂದರು. ಸಿಟ್ಟಿನ ದನಿಯಲ್ಲ. ಸಿಟ್ಟು ಮಾಡಿದ್ದರೆ ಚಲೋ ಇತ್ತು.

ಆಮೇಲೆ ಅವರು ನಮ್ಮ ಕಡೆ ಬರಲಿಲ್ಲ. ನಾನು ದಿನಾ ಮಧ್ಯಾಹ್ನ ಕಟ್ಟೆ ಗುಡಿಸುತ್ತಿದ್ದೆ, ಒಳಗೆ ಬರುತ್ತಿದ್ದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ್ದೂ ಇದೆ. ರೇಣುಕಾ ಬಂದು, ಕೇರಿಯ ಮಕ್ಕಳಷ್ಟೇ ಉಣ್ಣುತ್ತವೆ, ಉಳಿದ ಅನ್ನವನ್ನು ದಿನಾ ದನಕ್ಕೆ ಹಾಕುತ್ತೇನೆ ಎಂದಳು. ಮೇಡಂ ಹೇಳಿದರೂ ತಾಯಂದಿರು ಬರುವುದು ನಿಂತಿರಲಿಲ್ಲ. "ಬಿಟ್ಟುಬಿಡ್ತೀನಿ ಅತ್ತಿ. ಗುಳೇನ ಹೋಗ್ತೀನಿ. ಅಲ್ಲಿ ಇಟ್ಟಂಗಿ ಹೊತ್ರ ಯಾರೂ ಕೈ ನೋಡಂಗಿಲ್ಲ" ಎಂದಳು. ನಾಲ್ಕು ದಿನ ತಡಿ ಎಂದೆ. ತಡೆದರೆ ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅಕ್ಕೋರು. ಕಟ್ಟೆಯ ಮೇಲೆ ಕೂಡಲಿಲ್ಲ. ಹೊಸ್ತಿಲ ಮೇಲೆ ನಿಂತು, "ರೇಣುಕಾ ಕೆಲಸ ಬಿಡ್ತೀನಿ ಅಂದ್ಲು" ಅಂದರು.

"ನನಗೂ ಅಂದಾಳ್ರಿ."

"ತಾಯಂದ್ರು ನನ್ನ ಡಬ್ಬಿ ನೋಡ್ತಾರ. ಮನಿಯಿಂದ ಊಟ ತಗೊಂಡು ಹೋಗ್ತೀನಲ್ಲ, ಅದನ್ನ. ಬಸಮ್ಮ ಹೇಳಿಬಿಟ್ಲು ನಿನ್ನೆ, ರೇಣುಕಾ ಮಾಡಿದ್ದನ್ನ ಅಕ್ಕೋರು ಉಣಲಿ, ಆಮ್ಯಾಲೆ ನಮ್ಮ ಮಕ್ಕಳನ್ನೂ ಬಿಡ್ತೀವಿ ಅಂತ. ನಾ ಉಣ್ಣಂಗಿಲ್ಲಂತ ಆಕಿಗೆ ಖಾತ್ರಿ ಐತಿ." ಬಾಗಿಲ ಚೌಕಟ್ಟು ಹಿಡಿದುಕೊಂಡು, "ನನಗೂ ಖಾತ್ರಿ ಐತಿ. ತಾಟು ಮುಂದ ಇಟಗೊಂಡು ಕುಂತಿದ್ದೆ. ಕೈ ಏಳಲಿಲ್ಲ. ಭುಜದ ನೋವಲ್ಲ ಹನುಮವ್ವ. ರೇಣುಕಾ ನೋಡ್ಲಿಕ್ಕತ್ತಿದ್ಲು. ಡಬ್ಬಿ ತಗದು ಉಂಡೆ" ಅಂದರು. ಅವರ ಕಣ್ಣು ತುಂಬಿತ್ತು.

ಮಂಜುಳಾ, ಆಗ ನನಗೆ ಗೆದ್ದೆ ಎನಿಸಲಿಲ್ಲ. ಉಣ್ಣಲು ಒಲ್ಲದ ಕೂಸು ಬಾಗಿಲಲ್ಲಿ ನಿಂತಂತೆ ಕಂಡಿತು. ಅದಕ್ಕೆ ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು.

"ಒಳಗ ಬಂದು ಕುಂದರ್ರಿ" ಎಂದೆ. ಒಳಗೆ ಬಂದರು. ಒಲೆಯ ಮುಂದೆ ಮಣೆ ಹಾಕಿದೆ, ಕೂತರು. ಉಣ್ರಿ ಎಂದು ನಾನು ಹೇಳಲಿಲ್ಲ. ಹಿಟ್ಟಿನ ಒಂದು ಉಂಡೆಯನ್ನು ಅವರ ಮುಂದೆ ಸರಿಸಿ, "ಒಂದು ರೊಟ್ಟಿ ಬಡೀರಿ ನೋಡೋಣ, ಎಡಗೈ ನಡೀತೈತಲ್ಲ" ಎಂದೆ. ಎರಡೂ ಕೈ ಹಚ್ಚಿ ಹೇಗೋ ಬಡಿದರು. ಅಂಚು ಹರಿದು ನಕ್ಷೆಯಂತೆ ಆಗಿತ್ತು. ನಾನು ಅದನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಸುಟ್ಟು ತೆಗೆದೆ.

"ಇದು ಈಗ ಯಾರು ಮಾಡಿದ್ದು?" ಎಂದು ಕೇಳಿದರು.

"ಹರಕ ನಿಮ್ದು. ಸುಟ್ಟಿದ್ದು ನಂದು."

ಅಕ್ಕೋರು ನಕ್ಕರು. ನಗುತ್ತಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು, ಅಗಿದರು, ನುಂಗಲು ಹೊತ್ತು ಹಿಡಿಯಿತು. ನಾನು ಅವರ ಮುಖ ನೋಡದೇ ಒಲೆ ನೋಡುತ್ತಿದ್ದೆ. "ಸಣ್ಣಾಕಿ ಇದ್ದಾಗ ಕೇರಿಯಾಗ ನೀರು ಕುಡದಿದ್ದಕ್ಕ ಅವ್ವ ಹೊಡದಿದ್ಲು" ಎಂದರು. "ಆ ಪೆಟ್ಟು ಎಲ್ಲೋ ಕುಂತಬಿಟ್ಟೈತಿ." ಆ ದಿನ ಅರ್ಧ ರೊಟ್ಟಿ ತಿಂದರು. ಇನ್ನರ್ಧವನ್ನು ನನ್ನ ಕೈಗೆ ಕೊಟ್ಟರು.

ಮರುದಿನವೂ ಬಂದರು. ಎರಡನೆಯ ಸಲ ರೊಟ್ಟಿ ಅವರು ಬಡಿಯಲಿಲ್ಲ. ಪಲ್ಲೆಗೆ ನಾನು ಒಗ್ಗರಣೆ ಹಾಕುವಾಗ ಒಮ್ಮೆ ಎದ್ದು ಬಾಗಿಲ ತನಕ ಹೋಗಿ, ನಿಂತು, ತಿರುಗಿ ಬಂದು ಕೂತರು. ಗಾಳಿಯ ಮಾತು ಎತ್ತಲಿಲ್ಲ, ನಾನು ಮಾಡಿದ್ದನ್ನೇ ಉಂಡರು.

ನೀನು ಕೇಳಿದ್ದಕ್ಕೆ ನನಗೆ ತಿಳಿದದ್ದು ಇಷ್ಟು. ಆ ಸಹಾಯಕಿ ಹೇಳಿದ ಗೆಳತಿಯರು ಖರೆ ಇರಬಹುದು, ಅವಳ ಪ್ರೀತಿಯೂ ಖರೆ ಇರಬಹುದು. ಆದರೆ ಪ್ರೀತಿ ಇದೆ ಎಂದ ಮಾತ್ರಕ್ಕೆ ಇನ್ನೊಂದು ಇಲ್ಲ ಎಂದು ಆಗುವುದಿಲ್ಲ. ಎರಡೂ ಒಂದೇ ಮನುಷ್ಯಳಲ್ಲಿ ಅಕ್ಕತಂಗಿಯರಂತೆ ಇರುತ್ತವೆ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಅವಳನ್ನು ಸುಳ್ಳಿ ಎನ್ನಬೇಡ. ನಿನ್ನ ಡಬ್ಬಿಯ ರೊಟ್ಟಿ ಮುರಿದು ಅವಳ ಮುಂದೆ ಇಡು. ಒಲ್ಲೆ ಎಂದರೆ ಮರುದಿನವೂ ಇಡು. ಆದರೆ ಯಾರಾದರೂ ನಿನ್ನ ಗೆಳೆತನವನ್ನು ತೋರಿಸಿ ಇನ್ನೊಬ್ಬಳನ್ನು ದೂರ ಇಡಲು ಬಂದರೆ, ಕಾಲು ನಡುಗಿದರೂ ಎದ್ದು ನಿಲ್ಲು.

ಅಕ್ಕೋರು ಪೂರ್ತಿ ಬದಲಾದರು ಎಂದು ನಾನು ಹೇಳಲಾರೆ. ಅವರ ಮನೆಯ ಅಡಿಗೆಮನೆಯನ್ನು ನಾನು ಇನ್ನೂ ನೋಡಿಲ್ಲ. ಅತ್ತೆ ಇದ್ದಾರೆ, ಇರುವ ತನಕ ಆಗುವುದಿಲ್ಲ ಎಂದು ಅವರೇ ತಲೆ ತಗ್ಗಿಸಿ ಹೇಳಿದರು.

ನಮ್ಮ ಮನೆಗೆ ಬರಲು ಸುರು ಮಾಡಿದ ಕೆಲವು ದಿನಗಳ ಮೇಲೆ, ಒಂದು ಸಂಜೆ ರೇಣುಕಾ ಕೂಸನ್ನು ಎತ್ತಿಕೊಂಡು ಓಡಿಬಂದಳು. "ಅತ್ತಿ, ಅಕ್ಕೋರು ಇವತ್ತು ನನಗ ಬೈದ್ರು" ಎಂದಳು.

ನಾನು ಎದ್ದು ನಿಂತೆ. "ಏನಂತ?"

"ಸಾರಿಗೆ ಉಪ್ಪು ಕಡಿಮಿ ಆಗೈತಿ, ಲಕ್ಷ ಎಲ್ಲಿ ಇಟ್ಟಿದ್ದಿ ಅಂದ್ರು. ಅನ್ನ ಸಾರು ತಾಟಿನ್ಯಾಗ ಹಾಕಿಸ್ಕೊಂಡು ಮಕ್ಕಳ ಸಾಲಿನ್ಯಾಗ ಕುಂತಿದ್ರು. ಬಸಮ್ಮಕ್ಕ ಮಗನ್ನ ಕರಿಯಾಕ ಬಂದು ಬಾಗಲದಾಗ ನಿಂತಿದ್ಲು. 'ಕಡಿಮಿ ಆಗೈತೇನ್ರಿ ಅಕ್ಕೋರ' ಅಂದ್ಲು. 'ನೀನ ನೋಡು' ಅಂತ ತಾಟು ಮುಂದ ಹಿಡದ್ರು."

"ನೋಡಿದ್ಲೇನು?"

"ಇಲ್ಲ." ರೇಣುಕಾ ಉಸಿರು ತೆಗೆದುಕೊಂಡಳು. "ಆದ್ರ ಮಗನ್ನ ಕರಕೊಂಡು ಹೋಗಲಿಲ್ಲ. ಉಂಡು ಮುಗಿಸೋ ತನಕ ನಿಂತಿದ್ಲು."

ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಕೂಸನ್ನು ಅವಳ ಕೈಯಿಂದ ತೆಗೆದುಕೊಂಡೆ.

"ನಾಳಿಗೆ ಉಪ್ಪು ಸರಿ ನೋಡಿ ಹಾಕು" ಎಂದೆ.